ಮುಂದೆ ಸಪೂರ ವೀಲು, ಒಳಗೆ 340 ಎಂಎಂ ಬ್ರೇಕು: ಎರಡೂವರೆ ವರ್ಷ ಓಡಿಸಿದ ಮೇಲೆ

ಡ್ರ್ಯಾಗ್ ರೇಸಿಗೆ, ಅಂದ್ರೆ ಕಾಲು ಮೈಲಿಯ ನೇರ ಓಟಕ್ಕೆ, ಮುಂದಿನ ಎರಡು ಚಕ್ರಕ್ಕೆ ಹಾಕುವ ಈ ಸಪೂರ ವೀಲ್ ತಗೊಂಡು ಎರಡೂವರೆ ವರ್ಷ ಆಯ್ತು. ಮೊದಲ ತಿಂಗಳಲ್ಲೇ ಬರೀಬೇಕು ಅಂತ ಇದ್ದೆ, ಆದ್ರೆ ಹೊಸ ಸಾಮಾನು ಮೊದಲ ತಿಂಗಳು ಚಂದವೇ ಕಾಣೋದು, ಎರಡು ಮಳೆಗಾಲ ದಾಟ್ಲಿ, ನಾಲ್ಕೈದು ಸಲ ಸ್ಟ್ರಿಪ್‌ನಲ್ಲಿ ಓಡ್ಲಿ, ಮತ್ತೆ ಹೇಳಿದ್ರೆ ಅದಕ್ಕೊಂದು ಬೆಲೆ ಅಂತೇಳಿ ಕಾದೆ.

ಕಾರು ಬಿಎಂಡಬ್ಲ್ಯೂ 330ಐ, ಎಫ್30 ಬಾಡಿ, ಹಿಂದಿನ ಚಕ್ರ ಎಳೆಯುವಂಥದ್ದು. ಮುಂದೆ ಎಂ ಸ್ಪೋರ್ಟ್‌ನ 340 ಎಂಎಂ ಡಿಸ್ಕ್, ಅದನ್ನು ಅಮುಕಿ ಹಿಡಿಯುವ ನಾಲ್ಕು ಪಿಸ್ಟನ್ ಕ್ಯಾಲಿಪರ್. ಮನೆ ಸುರತ್ಕಲ್‌ನಲ್ಲಿ, ಹೆಂಡತಿ ಮನೆ ಚಿಕ್ಕಮಗಳೂರು ಕಡೆ, ಹಾಗಾಗಿ ತಿಂಗಳಿಗೊಮ್ಮೆ ಚಾರ್ಮಾಡಿ ಹತ್ತಿ ಇಳಿಯೋದು ಉಂಟು, ಇಳಿಯುವಾಗ ಬ್ರೇಕ್ ಬಿಸಿಯಾಗಿ ಪೆಡಲ್ ಮೆತ್ತಗಾದ್ರೆ ಎಂತ ಆಗ್ತದೆ ಅಂತ ಆ ತಿರುವುಗಳಲ್ಲಿ ಒಮ್ಮೆ ಅನುಭವ ಆದವರಿಗೆ ಹೇಳ್ಬೇಕಂತಿಲ್ಲ. ಡ್ರ್ಯಾಗ್‌ಗೋಸ್ಕರ ಬ್ರೇಕ್ ಸಣ್ಣದು ಮಾಡು, 15 ಇಂಚಿನ ವೀಲ್ ಆರಾಮಲ್ಲಿ ಕೂರ್ತದೆ ಅಂತ ಸುಮಾರು ಜನ ಹೇಳಿದ್ರು. ನಂಗೆ ಅದು ಸರಿ ಬರ್ಲಿಲ್ಲ. ವರ್ಷಕ್ಕೆ ಎರಡು ದಿನ ಓಡುವ ರೇಸ್‌ಗೋಸ್ಕರ ವರ್ಷವಿಡೀ ಮನೆಯವರನ್ನು ಕೂರಿಸಿಕೊಂಡು ಹೋಗುವ ಕಾರಿನ ಬ್ರೇಕ್ ಕಡಿಮೆ ಮಾಡೋದಾ? ಬ್ರೇಕ್ ಹಾಗೇ ಇರ್ಲಿ, ವೀಲೇ ಅದಕ್ಕೆ ಹೊಂದ್ಕೊಳ್ಳಿ. ಇಲ್ಲಿ ಬರೆದದ್ದೆಲ್ಲ ಆ ಲೆಕ್ಕದಲ್ಲೇ.

ಮತ್ತೆ ಪೋಲೋ, ಆಕ್ಟೇವಿಯಾ ಇರುವವರು ದಯವಿಟ್ಟು ಇದನ್ನು ಓದಿ ಆರ್ಡರ್ ಮಾಡ್ಬೇಡಿ, ನಿಮ್ಮ ಕಾರಲ್ಲಿ ಎಳೆಯೋದೇ ಮುಂದಿನ ಚಕ್ರ, ಅಲ್ಲಿ ಸಪೂರ ಟಯರ್ ಹಾಕಿದ್ರೆ ಗ್ರಿಪ್ ಎಲ್ಲಿಂದ ಬರೋದು.

ಸಪೂರ ವೀಲ್ ಯಾಕೆ ಅಂದ್ರೆ, ನೇರ ಓಡುವ 402 ಮೀಟರಲ್ಲಿ ಮುಂದಿನ ಚಕ್ರಕ್ಕೆ ಕೆಲಸ ಕಡಿಮೆ, ಅಲ್ಲಿ ಅಗಲ ಟಯರ್ ಅಂದ್ರೆ ಸುಮ್ಮನೆ ಭಾರ ಹೊತ್ತು ತಿರುಗಿಸಿದ ಹಾಗೆ. ಚಕ್ರದ ಅಂಚಿನಲ್ಲಿರುವ ಒಂದು ಕೆಜಿ ಕಾರೊಳಗಿನ ಹತ್ತಿರ ಹತ್ತಿರ ಎರಡು ಕೆಜಿಗೆ ಸಮ, ಯಾಕಂದ್ರೆ ಅದನ್ನು ಮುಂದೆ ದೂಡಿದ್ರೆ ಮಾತ್ರ ಸಾಲದು, ತಿರುಗಿಸ್ಲಿಕ್ಕೂ ಬೇಕು. ನಮ್ಮ ಭಾವನ ಬೋಟು ದಕ್ಕೆಯಲ್ಲಿ ಉಂಟು, ಅಲ್ಲಿ ಮೀನು ತೂಗುವ ಕಾಟದಲ್ಲೇ ಎರಡೂ ಇಟ್ಟು ನೋಡಿದೆ, ಕಂಪನಿಯ 18 ಇಂಚು ರನ್‌ಫ್ಲ್ಯಾಟ್ (ಗಾಳಿ ಹೋದ್ರೂ ಸ್ವಲ್ಪ ದೂರ ಓಡುವ ಟಯರ್) ಸಮೇತ 22.6 ಕೆಜಿ, ಈಗಿನದ್ದು ಟಯರ್ ಸಮೇತ 14.8. ಒಂದು ಬದಿಗೆ ಎಂಟು ಕೆಜಿ ಹತ್ತಿರ ಕಡಿಮೆ.

ಈಗ ಅಸಲು ವಿಷಯ. ಮೊದಲು ನಾನು ತಗೊಂಡದ್ದು ಈ ವೀಲ್ ಅಲ್ಲ, ಬೇರೆ ಒಂದು ಜೋಡಿ, 17 ಇಂಟು 4.5, ಅಂದ್ರೆ 17 ಇಂಚು ವ್ಯಾಸ, ನಾಲ್ಕೂವರೆ ಇಂಚು ಅಗಲ, ಮಾರಿದವರು ಫೋನಲ್ಲಿ ಎರಡೆರಡು ಸಲ ಹೇಳಿದ್ರು ದೊಡ್ಡ ಬ್ರೇಕಿಗೂ ಆಗ್ತದೆ, ಪಿಸಿಡಿ (ಬೋಲ್ಟ್ ತೂತುಗಳ ವೃತ್ತದ ವ್ಯಾಸ) 5 ಇಂಟು 120, ಅಂದ್ರೆ ಐದು ಬೋಲ್ಟು, 120 ಎಂಎಂ, ಕಣ್ಣು ಮುಚ್ಚಿ ಹಾಕಿ ಅಂತ. ಬಂದ ಮೇಲೆ ನೋಡಿದ್ರೆ ಪಿಸಿಡಿ 120 ಅಲ್ಲ, 120.65. ಅದು ಹಳೇ ಷೆವರ್ಲೆ ಕಾರುಗಳ ಅಳತೆ, ನಾಲ್ಕು ಮುಕ್ಕಾಲು ಇಂಚಿನ ಲೆಕ್ಕ. ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ ಅಷ್ಟೇ ಅಲ್ವಾ ಅಂತ ಕಾಣ್ತದೆ, ಬೋಲ್ಟ್ ಕೂಡ ಹೇಗೋ ಒಳಗೆ ಹೋಗ್ತದೆ, ಆದ್ರೆ ಎಲ್ಲ ಬೋಲ್ಟೂ ಒಂದು ಬದಿಗೆ ವಾಲಿ ಕೂರ್ತದೆ, ಬಿಗಿ ಮಾಡಿದ್ರೂ ತೂತಿನ ಬಾಯಿಯ ಸೀಟ್ ಮೇಲೆ ಪೂರ್ತಿ ಕೂರೋದಿಲ್ಲ. 150, 160ರಲ್ಲಿ ಹೋಗುವ ಕಾರಿಗೆ ಇದನ್ನು ಯಾರೂ ಹಾಕ್ಬಾರ್ದು.

ಅದೂ ಅಲ್ಲದೆ ಕ್ಯಾಲಿಪರಿಗೆ ತಾಗ್ತಿತ್ತು. ಸ್ಪೋಕಿಗಲ್ಲ, ಬ್ಯಾರೆಲಿಗೆ, ಅಂದ್ರೆ ರಿಮ್ಮಿನ ಸುತ್ತಿನ ಗೋಡೆಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ದುಡ್ಡು ಕಳ್ಕೊಳ್ಳೋದೇ ಇಲ್ಲಿ. 17 ಇಂಚು ಅಂತ ಹೇಳೋದು ಟಯರಿನ ಬೀಡ್ (ಒಳಗಿನ ಗಟ್ಟಿ ಅಂಚು) ಕೂರುವ ಜಾಗದ ಅಳತೆ, 436 ಎಂಎಂ ಚಿಲ್ಲರೆ. ಅದನ್ನು ನೋಡಿ 340ರ ಡಿಸ್ಕ್ ಧಾರಾಳ ಹೋಗ್ತದಲ್ಲ ಅಂತ ಅನ್ನಿಸ್ತದೆ. ಆದ್ರೆ ಡಿಸ್ಕಿನ ಮೇಲೆ ಕ್ಯಾಲಿಪರ್ ಕೂತಿರ್ತದೆ, ಮತ್ತೆ ರಿಮ್ಮಿನ ನಡುವೆ ಒಂದು ತಗ್ಗು ಇರ್ತದೆ, ಡ್ರಾಪ್ ಸೆಂಟರ್ ಅಂತಾರೆ, ಟಯರ್ ಹಾಕುವಾಗ ಬೀಡ್ ಇಳಿಸ್ಲಿಕ್ಕೆ ಅದು ಬೇಕೇ ಬೇಕು. ಎಂಟು ಇಂಚು ಅಗಲದ ವೀಲಲ್ಲಿ ಆ ತಗ್ಗನ್ನು ಕ್ಯಾಲಿಪರಿಂದ ಆಚೆ ಸರಿಸ್ಲಿಕ್ಕೆ ಜಾಗ ಉಂಟು, ನಾಲ್ಕೂವರೆ ಇಂಚಲ್ಲಿ ಎಲ್ಲಿಗೆ ಸರಿಸೋದು, ಅದು ಸೀದಾ ಕ್ಯಾಲಿಪರ್ ತಲೆ ಮೇಲೇ ಬಂದು ಕೂರ್ತದೆ. ನನ್ನ ಕ್ಯಾಲಿಪರಿನ ಹೊರಗಿನ ತುದಿ ಹಬ್ (ವೀಲ್ ಕೂರುವ ನಡುಭಾಗ) ಸೆಂಟರಿಂದ 193 ಎಂಎಂ, ಅಂದ್ರೆ ಒಟ್ಟು 386ರ ವ್ಯಾಸ ಬೇಕು. ಆ ಮೊದಲ ವೀಲಿನ ತಗ್ಗಿನ ಒಳಗಿನ ವ್ಯಾಸ 381. ಹೇಗೆ ಹೋಗ್ತದೆ?

ವೀಲ್ ಮತ್ತು ಹಬ್ ನಡುವೆ ಕೂರುವ ಬಿಲ್ಲೆ, ಸ್ಪೇಸರ್, ಹಾಕಿ ಅಂತ ಮಾರಿದವರು ಹೇಳಿದ್ರು. ಸ್ಪೇಸರ್ ಹಾಕಿದ್ರೆ ವೀಲ್ ಹೊರಗೆ ಬರ್ತದೆ, ಸ್ಪೋಕ್ ತಾಗುವ ತೊಂದರೆ ಇದ್ರೆ ಅದು ಸರಿ ಆಗ್ತದೆ. ಬ್ಯಾರೆಲಿನ ವ್ಯಾಸ ದೊಡ್ಡದಾಗ್ತದಾ? ಆಗೋದಿಲ್ಲ.

ಆಸೆ ಬಿಡದೆ ಆ ವೀಲನ್ನು ಯೆಯ್ಯಾಡಿಯ ಒಂದು ಲೇತ್‌ಗೆ ತಗೊಂಡು ಹೋದೆ, ಒಳಗಿಂದ ಮೂರು ಎಂಎಂ ತೆಗೆದು ಕೊಡಿ ಅಂತ. ವಯಸ್ಸಾದವರು, ಏನೂ ಮಾತಾಡದೆ ವರ್ನಿಯರ್ ಹಾಕಿ ಗೋಡೆ ಅಳೆದ್ರು, ಇನ್ನೊಂದು ಕಡೆ ಅಳೆದ್ರು, ಮತ್ತೆ ಕನ್ನಡಕ ತೆಗೆದು ಕೇಳಿದ್ರು, "ಇದು ಎಷ್ಟು ಸ್ಪೀಡಲ್ಲಿ ಹೋಗ್ತದೆ ಮಾರಾಯ್ರೆ?" ಹೇಳಿದೆ. "ಐದೂವರೆ ಎಂಎಂ ಗೋಡೆ, ಅದ್ರಲ್ಲಿ ಮೂರು ನಾನು ತೆಗೆದ್ರೆ ಉಳಿಯೋದೆಂತ? ದುಡ್ಡು ಬೇಡ, ತಗೊಂಡು ಹೋಗಿ, ಇದನ್ನು ನಾನು ಮಾಡೂದಿಲ್ಲ." ಅವರು ಅವತ್ತು ಹೂಂ ಅಂದಿದ್ರೆ ಎಂತ ಆಗ್ತಿತ್ತೋ, ಇವತ್ತಿಗೂ ಅವರ ಮೇಲೆ ಗೌರವ ಉಂಟು. ಆ ಜೋಡಿಯನ್ನು ಮತ್ತೆ ನಷ್ಟಕ್ಕೆ, ಅಳತೆ ಎಲ್ಲ ಸರಿಯಾಗಿ ತಿಳಿಸಿಯೇ, ಅದು ಹೊಂದುವ ಹಳೇ ಕಾರು ಇರುವ ಒಬ್ಬರಿಗೆ ಕೊಟ್ಟೆ.

ಎರಡನೇ ಜೋಡಿ ಹೊರಗಿನಿಂದ ಅಳತೆ ಕೊಟ್ಟು ಮಾಡಿಸಿದ್ದು. 17 ಇಂಟು 4.5, ಫೋರ್ಜ್ಡ್ ಅಲ್ಯೂಮಿನಿಯಂ, ಪಿಸಿಡಿ 5 ಇಂಟು 120, ಸೆಂಟರ್ ಬೋರ್ (ನಡುವಿನ ತೂತು) 72.6, ಬ್ಯಾಕ್‌ಸ್ಪೇಸ್ (ಹಬ್ಬಿಗೆ ಕೂರುವ ಮುಖದಿಂದ ವೀಲಿನ ಒಳ ಅಂಚಿನವರೆಗಿನ ದೂರ) ಎರಡೂಕಾಲು ಇಂಚು, ತಗ್ಗಿನ ಒಳ ವ್ಯಾಸ 394. ಮಾಡಿದವರ ಹೆಸರಿಗಿಂತ ಈ ಐದಾರು ಸಂಖ್ಯೆ ಮುಖ್ಯ, ಇದು ಸರಿ ಇದ್ರೆ ಯಾರ ಹತ್ರ ಮಾಡಿಸಿದ್ರೂ ಕೂರ್ತದೆ. ಹೊಸ ಕಮಾರೋ ಕಾರಿನದ್ದೂ 5 ಇಂಟು 120ಯೇ, ಆದ್ರೆ ಅದರ ಹಬ್ 67 ಎಂಎಂ ಹತ್ತಿರ, ನಮ್ಮದು 72.6, ಹಾಗಾಗಿ ಅದಕ್ಕಂತ ಬರುವ ವೀಲ್ ತಗೊಳ್ಳುವವರು ಬೋರ್ ಎಷ್ಟು ಅಂತ ಕೇಳದೆ ದುಡ್ಡು ಹಾಕ್ಬೇಡಿ. ಡ್ಯೂಟಿ, ಕೊರಿಯರ್ ಎಲ್ಲ ಸೇರಿ ಎರಡು ಲಕ್ಷ ದಾಟಿತು, ಬರ್ಲಿಕ್ಕೆ ನಾಲ್ಕೂವರೆ ತಿಂಗಳು. ಕಡಿಮೆ ದುಡ್ಡಲ್ಲ, ಗೊತ್ತು.

ಬಂದ ದಿನ ಟಯರ್ ಹಾಕ್ಲಿಲ್ಲ. ಮೊದಲು ಬರೀ ರಿಮ್ ಕೂರಿಸಿ ನೋಡ್ಬೇಕು. ಚೌತಿಗೆ ಮಕ್ಕಳು ಗಣಪತಿ ಮಾಡಿ ಉಳಿದ ಆವೆಮಣ್ಣು ಬಕೆಟಲ್ಲಿ ಒದ್ದೆ ಬಟ್ಟೆ ಸುತ್ತಿ ಇಟ್ಟಿತ್ತು, ಅದನ್ನು ಚಕ್ಕುಲಿ ದಪ್ಪಕ್ಕೆ ಹೊಸೆದು ಕ್ಯಾಲಿಪರ್ ಮೇಲೆ ಮೂರು ಕಡೆ, ಸ್ಪೋಕ್ ಎದುರಿಗೆ ಎರಡು ಕಡೆ ಅಂಟಿಸಿದೆ, ವೀಲ್ ಹಾಕಿ ಐದೂ ಬಿಗಿ ಮಾಡಿ ಕೈಯಲ್ಲಿ ನಿಧಾನ ಒಂದು ಸುತ್ತು ತಿರುಗಿಸಿ ಬಿಚ್ಚಿದೆ. ಮಣ್ಣು ಚಪ್ಪಟೆ ಆಗಿ ಅದರ ಮೇಲೆ ಬ್ಯಾರೆಲಿನ ಮಷೀನಿಂಗ್ ಗೆರೆ ಸಹಾ ಮೂಡಿತ್ತು. ಬ್ಲೇಡಲ್ಲಿ ಕೊಯ್ದು ದಪ್ಪ ಅಳೆದ್ರೆ ಮೇಲೆ 4 ಎಂಎಂ, ಸ್ಪೋಕ್ ಹತ್ತಿರ 6. ಮೂರಕ್ಕಿಂತ ಕಡಿಮೆ ಬಂದ್ರೆ ನಾನು ಹಾಕ್ತಿರ್ಲಿಲ್ಲ, ಯಾಕಂದ್ರೆ ಓಡುವಾಗ ಹಬ್, ಬೇರಿಂಗ್ ಎಲ್ಲ ಚೂರು ಬಾಗ್ತದೆ, ಬ್ರೇಕ್ ಬಿಸಿಗೆ ಕ್ಯಾಲಿಪರೂ ಹಿಗ್ಗುತ್ತದೆ.

ಟಯರ್ ಮಿಕ್ಕಿ ಥಾಂಪ್ಸನ್‌ನ 26 ಇಂಟು 6, 17 ಇಂಚಿಂದು. 26 ಇಂಚು ಅಂದ್ರೆ 660 ಎಂಎಂ, ಕಂಪನಿಯ 225/45 18ರ ಎತ್ತರವೂ ಅಷ್ಟೇ, ಹಾಗಾಗಿ ಎಬಿಎಸ್, ಸ್ಟೆಬಿಲಿಟಿ ಕಂಟ್ರೋಲ್ ಲೈಟ್ ಒಂದು ಸಲವೂ ಬರ್ಲಿಲ್ಲ. ಮುಂದೆ ಹಿಂದೆ ಸುತ್ತಳತೆಯಲ್ಲಿ ತುಂಬ ವ್ಯತ್ಯಾಸ ಆದ್ರೆ ಕಾರು ಚಕ್ರ ಜಾರ್ತಾ ಉಂಟು ಅಂತ ತಿಳ್ಕೊಂಡು ಪವರ್ ಕಟ್ ಮಾಡ್ತದೆ. ಎಫ್30ಯಲ್ಲಿ ಬರೋದು ಬೋಲ್ಟ್, ಎಂ14 ಇಂಟು 1.25, ನಾನು ಸ್ಟಡ್‌ಗೆ (ಹಬ್ಬಲ್ಲೇ ನಿಂತಿರುವ, ಮೇಲಿಂದ ನಟ್ಟು ಹಾಕುವ ಕಡ್ಡಿ) ಬದಲಾಯಿಸಿದೆ. ಡ್ರ್ಯಾಗ್ ವೀಲ್ ಸುಮಾರಿಗೆ ಬರೋದು ನೇರ ಶ್ಯಾಂಕ್ ನಟ್ಟು, ಕುತ್ತಿಗೆ ಕೊಳವೆಯ ಹಾಗೆ ನೇರ, ಕೆಳಗೆ ಚಪ್ಪಟೆ ವಾಶರ್ ಇರುವ ಹಾಗೆ, ಅದಕ್ಕೆ ನಮ್ಮ ಕೋನ್ ಆಕಾರದ ನಟ್ಟು ಹಾಕಿದ್ರೆ ತೂತಿನ ಬಾಯಿ ಕಚ್ಚಿ ಹಾಳಾಗ್ತದೆ. ನನ್ನದ್ದು ಕೋನ್ ಸೀಟ್ ಬೇಕು ಅಂತ ಹೇಳಿಯೇ ಮಾಡಿಸಿದ್ದು. ಟಾರ್ಕ್ 140 ಎನ್‌ಎಂ, ಒಂದು ರನ್ ಆದ ಮೇಲೆ ಮತ್ತೊಮ್ಮೆ ನೋಡೋದು.

ಒಂದು ಎಡವಟ್ಟು ಆಯ್ತು, ಅದನ್ನೂ ಹೇಳ್ಬೇಕು. ಮೊದಲ ಸಲ ಬ್ಯಾಲೆನ್ಸಿಂಗ್ ಮಾಡಿಸಿದ ಅಂಗಡಿಯಲ್ಲಿ ಸ್ಟಿಕ್ಕರ್ ತೂಕವನ್ನು ಸೀದಾ ಆ ತಗ್ಗಿನ ಒಳಗೇ ಅಂಟಿಸಿದ್ರು. ತೂಕದ ದಪ್ಪವೇ 4 ಎಂಎಂ! ನಾನು ನೋಡ್ಲಿಲ್ಲ. ಮನೆ ಗೇಟಿಂದ ಹೊರಗೆ ಬರುವಾಗ ಟಿಕ್, ಟಿಕ್, ಟಿಕ್, ಚಕ್ರ ಒಂದು ಸುತ್ತಿಗೆ ಒಂದು ಸಲ. ಕಲ್ಲು ಸಿಕ್ಕಿರ್ಬೇಕು ಅಂತ ಎಣಿಸಿ ನೂರು ಮೀಟರ್ ಹೋದೆ, ನಿಂತು ನೋಡುವಾಗ ಎರಡು ತೂಕ ಕಿತ್ತು ಹೋಗಿ ಕ್ಯಾಲಿಪರಿನ ನೀಲಿ ಪೇಂಟ್ ಮೇಲೆ ಉಗುರಲ್ಲಿ ಗೀರಿದ ಹಾಗೆ ಬಿಳಿ ಗೆರೆ. ಅದು ಇನ್ನೂ ಹಾಗೇ ಉಂಟು. ಈಗ ನಾನೇ ನಿಂತು ಒಳಗಿನ ಲಿಪ್ (ರಿಮ್ಮಿನ ಅಂಚು) ಹತ್ತಿರ, ಕ್ಯಾಲಿಪರ್ ಆಚೆ ಮಾತ್ರ ಅಂಟಿಸುವ ಹಾಗೆ ಹೇಳ್ತೇನೆ, ಮೇಲೆ ಅಲ್ಯೂಮಿನಿಯಂ ಟೇಪ್.

ಓಡಿಸಿದ ಅನುಭವ. ಮಹಾರಾಷ್ಟ್ರದ ಆಂಬಿ ವ್ಯಾಲಿ ಏರ್‌ಸ್ಟ್ರಿಪ್‌ಗೆ ಎರಡು ಸಲ, ಚೆನ್ನೈ ಕಡೆ ಎರಡು ಸಲ ಹೋದದ್ದು. ಇಲ್ಲಿಂದ ಕಂಪನಿ ವೀಲಲ್ಲೇ ಹೋಗೋದು, ಸಪೂರದ್ದು ಎರಡನ್ನೂ ಹಳೇ ಬೆಡ್‌ಶೀಟಲ್ಲಿ ಸುತ್ತಿ ಹಿಂದಿನ ಸೀಟಲ್ಲಿ ಇಟ್ಟು, ಅಲ್ಲಿ ಜ್ಯಾಕ್ ಹಾಕಿ ಬದಲಾಯಿಸೋದು, ಇಪ್ಪತ್ತು ನಿಮಿಷದ ಕೆಲಸ. ಒಂದೇ ದಿನ, ಒಂದೇ ಟ್ಯೂನ್, ಬೆಳಿಗ್ಗೆ ಕಂಪನಿ ವೀಲಲ್ಲಿ ನಾಲ್ಕು ರನ್, ಬದಲಾಯಿಸಿ ಮತ್ತೆ ನಾಲ್ಕು: ಸರಾಸರಿ ಹತ್ತನೇ ಒಂದು ಸೆಕೆಂಡ್ ಕಡಿಮೆ. 13.5 ಇದ್ದದ್ದು 13.4. ದುಡ್ಡಿಗೆ ಇಷ್ಟೇಯಾ ಅಂತ ಕೇಳುವವರಿಗೆ, ಹೌದು, ಇಷ್ಟೇ. ಹತ್ತನೇ ಒಂದು ಸೆಕೆಂಡಿಗೋಸ್ಕರ ನಿದ್ದೆ ಬಿಡುವವರಿಗೆ ಮಾತ್ರ ಇದು.

ಸ್ಟೀರಿಂಗ್ ಬದಲಾಗ್ತದೆ. ಕಂಪನಿ ವೀಲಿನ ಆಫ್‌ಸೆಟ್ (ಹಬ್ಬಿಗೆ ಕೂರುವ ಮುಖ ವೀಲಿನ ನಡುಗೆರೆಯಿಂದ ಎಷ್ಟು ದೂರ ಅಂತ) ಪ್ಲಸ್ 34, ಇದರದ್ದು ಮೈನಸ್ 13 ಹತ್ತಿರ, ಅಂದ್ರೆ ಟಯರಿನ ನಡುಗೆರೆ 47 ಎಂಎಂ ಹೊರಗೆ ಬಂತು. ಹೊರಗಿಂದ ನೋಡಿದ್ರೆ ಫೆಂಡರಿಂದ ಆಚೆ ಬರೋದಿಲ್ಲ, ಆದ್ರೆ ರಸ್ತೆಯಲ್ಲಿ ಸಣ್ಣ ಜೋಯಿಂಟ್ ಸಿಕ್ಕಿದ್ರೂ ಸ್ಟೀರಿಂಗ್ ಕೈಯಲ್ಲಿ ಎಳೆದ ಹಾಗೆ ಆಗ್ತದೆ, ಎರಡೂ ಕೈ ಬೇಕು. ಬ್ರೇಕ್ ಬಗ್ಗೆ ಎಲ್ಲರೂ ತಪ್ಪು ತಿಳ್ಕೊಳ್ಳೋದು ಒಂದುಂಟು, ದೊಡ್ಡ ಬ್ರೇಕ್ ಉಂಟಲ್ಲ, ಬೇಗ ನಿಲ್ತದೆ ಅಂತ. ನಿಲ್ಲಿಸೋದು ಕೊನೆಗೆ ಟಯರು. ಆರು ಇಂಚಿನ ಟಯರಿಗೆ ಹಿಡಿತ ಎಷ್ಟೋ ಅಷ್ಟೇ, ಸ್ವಲ್ಪ ಜೋರು ಒತ್ತಿದ್ರೆ ಎಬಿಎಸ್ ಟರ್ರ್ ಅಂತ ಶುರು. ಹಾಗಾಗಿ ಫಿನಿಶ್ ದಾಟಿದ ಕೂಡ್ಲೇ ಕಾಲು ತೆಗೆದು ಉದ್ದಕ್ಕೆ, ಮೆಲ್ಲ ಒತ್ತಿ ನಿಲ್ಲಿಸ್ಬೇಕು. ಈ ವೀಲಲ್ಲಿ ನಮ್ಮ 66ರ ಹೈವೇಗೆ ಇಳಿಯುವವರನ್ನು ನೋಡಿದ್ದೇನೆ, ಪಡುಬಿದ್ರಿ ಹತ್ತಿರ ರಾತ್ರಿ, ನಂಗೆ ಹೊಟ್ಟೆ ತೊಳೆಸಿದ ಹಾಗೆ ಆಯ್ತು. ದನ ಅಡ್ಡ ಬರ್ತದೆ, ಸ್ಕೂಟರ್ ಅಡ್ಡ ಬರ್ತದೆ, ಮಳೆಯಲ್ಲಂತೂ ಕೇಳೋದೇ ಬೇಡ. ಸ್ಪೇರ್ ಟಯರ್ ಹಾಕಿ ಓಡುವವರೂ ಇದ್ದಾರೆ, ಅದರ ಮೇಲೇ 80 ಅಂತ ಬರೆದಿರ್ತದೆ, ಓದಿ.

ಎರಡು ಮಳೆಗಾಲದಲ್ಲಿ ಆದದ್ದು: ಪಾಲಿಶ್ ಮಾಡಿದ ಲಿಪ್ ಮೇಲೆ ಬಿಳಿ ಬಿಳಿ ಪುಡಿ, ಕೆಳಗೆ ಸೂಜಿ ಮೊನೆಯಷ್ಟು ಗುಂಡಿ. ಸಮುದ್ರದಿಂದ ಒಂದು ಕಿಲೋಮೀಟರ್ ಒಳಗೆ ಮನೆ, ಕಾರ್ ಶೆಡ್ಡಲ್ಲಿ ಇಟ್ರೂ ಉಪ್ಪು ಗಾಳಿ ಬಿಡೋದಿಲ್ಲ. ಪೌಡರ್ ಕೋಟ್ ಆದ ನಡುಭಾಗ ಹೊಸದರ ಹಾಗೇ ಉಂಟು. ಕರಾವಳಿಯವರು ಪಾಲಿಶ್ ಆಸೆ ಬಿಟ್ಟು ಪೂರ್ತಿ ಪೌಡರ್ ಕೋಟ್ ಹೇಳಿ. ಒಮ್ಮೆ ಒಂದು ತಿಂಗಳು ಬಿಚ್ಚದೆ ಬಿಟ್ಟದ್ದಕ್ಕೆ ವೀಲ್ ಹಬ್ಬಿಗೆ ಕಚ್ಚಿ ಕೂತು ರಬ್ಬರ್ ಸುತ್ತಿಗೆಯಲ್ಲಿ ಹೊಡೆದು ತೆಗೀಬೇಕಾಯ್ತು, ಈಗ ಬೋರಿಗೆ ತೆಳುವಾಗಿ ಆ್ಯಂಟಿ ಸೀಜ್, ಕಚ್ಚದ ಹಾಗೆ ಹಚ್ಚುವ ಪೇಸ್ಟ್, ಹಚ್ತೇನೆ. ಬಿರುಕು, ಬೆಂಡ್ ಯಾವುದೂ ಇಲ್ಲ, ಟಯರ್ ಗಾಳಿ ಇಳಿಯೋದೂ ಇಲ್ಲ.

ಕೊಟ್ಟಾರದ ಒಬ್ಬರು ಹೋದ ವಾರ ಫೋನ್ ಮಾಡಿದ್ರು, ಅವರದ್ದು ಮಸ್ಟಾಂಗ್, ಮುಂದೆ 380 ಎಂಎಂ ಡಿಸ್ಕ್, ಆರು ಪಿಸ್ಟನ್ ಹಾಕಿಸಿದ್ದಾರೆ, ನಿಮ್ಮದೇ ಸೈಜ್ ಆರ್ಡರ್ ಮಾಡ್ಲಾ ಅಂತ. ಬೇಡ ಅಂದೆ. ಅಷ್ಟು ದೊಡ್ಡದಕ್ಕೆ 17ರಲ್ಲಿ ಕೆಲವೇ ಕೆಲವು ಮಾಡೆಲ್ ಕೂರ್ತದೆ, 18 ಇಂಟು 5 ನೋಡೋದು ಸಮಾಧಾನ, ಪಿಸಿಡಿ ಕೂಡ ಬೇರೆ, 114.3. ಆದಿತ್ಯವಾರ ಕಾರ್ ತಗೊಂಡು ಬರ್ತಾರೆ, ಮೊದಲು ಕ್ಯಾಲಿಪರ್ ತುದಿ ಅಳೆದು ರಟ್ಟಲ್ಲಿ ಟೆಂಪ್ಲೇಟ್ ಕತ್ತರಿಸಿ ಇಡುವ ಅಂತ ಮಾತಾಗಿದೆ. ಬಕೆಟಲ್ಲಿ ಮಣ್ಣು ಇನ್ನೂ ಸ್ವಲ್ಪ ಉಂಟು, ವೀಲ್ ಬಂದ ದಿನಕ್ಕೆ ಅದು.