ರಾತ್ರಿಯ ಕಾಲ್‌ಗಿಂತ ಸಂಜೆಯ ನೋಟ್ ವಾಸಿ

ನಮ್ಮ ಸಾಫ್ಟ್‌ವೇರ್ ಟೀಮಿನಲ್ಲಿ ಒಂಬತ್ತು ಜನ. ಬೆಂಗಳೂರಿನಲ್ಲಿ ಐವರು, ಬರ್ಲಿನ್‌ನಲ್ಲಿ ಇಬ್ಬರು, ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು. ಮೊದಲು ಒಂದು ವರ್ಷ ದಿನಾ ರಾತ್ರಿ ವಿಡಿಯೋ ಕಾಲ್ ಇತ್ತು. ಈಗ ಅದನ್ನು ಬಿಟ್ಟು, ಕೆಲಸ ಮುಗಿಸಿ ಏಳುವ ಮುಂಚೆ ಎಲ್ಲರೂ ಒಂದು ನೋಟ್ ಬರೆದಿಡುತ್ತೇವೆ. ಎರಡನ್ನೂ ಮಾಡಿ ನೋಡಿದ್ದೇನೆ. ನನಗೆ ನೋಟೇ ಇಷ್ಟ.

ಕಾಲ್‌ನ ದೊಡ್ಡ ತಲೆನೋವು ಗಡಿಯಾರ. ಕ್ಯಾಲಿಫೋರ್ನಿಯಾದ ಬೆಳಗ್ಗೆ 9 ಅಂದರೆ ನಮಗೆ ಅವರ ಬೇಸಿಗೆಯಲ್ಲಿ ರಾತ್ರಿ 9:30, ಚಳಿಗಾಲದಲ್ಲಿ 10:30. ಇಷ್ಟೇ ಆಗಿದ್ದರೆ ಹೇಗೋ ಹೊಂದಿಕೊಳ್ಳಬಹುದಿತ್ತು. ಆದರೆ ಅಮೆರಿಕದವರೂ ಯುರೋಪಿನವರೂ ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದು ಒಂದೇ ದಿನ ಅಲ್ಲ. 2025ರಲ್ಲಿ ಅಮೆರಿಕದಲ್ಲಿ ಮಾರ್ಚ್ 9ಕ್ಕೆ ಬದಲಾಯಿತು, ಯುರೋಪಿನಲ್ಲಿ ಮಾರ್ಚ್ 30ಕ್ಕೆ. ನಡುವಿನ ಮೂರು ವಾರ ಬರ್ಲಿನ್‌ನವರಿಗೆ ಸಂಜೆ 6ರ ಕಾಲ್ 5ಕ್ಕೆ ಬಂತು. ಅಲ್ಲಿನ ಸಹೋದ್ಯೋಗಿ ಮಗುವನ್ನು ಕರೆತರಲು ಹೋಗುವ ಹೊತ್ತು ಅದು. ಡೇಟಾಬೇಸ್ ನೋಡಿಕೊಳ್ಳುತ್ತಿದ್ದವರೂ ಅವರೇ.

ಅವರಿಲ್ಲದ ಒಂದು ರಾತ್ರಿ, ಡೇಟಾಬೇಸ್‌ನ ಒಂದು ಟೇಬಲ್‌ನಿಂದ ಒಂದು ಫೀಲ್ಡ್, ಅಂದರೆ ಮಾಹಿತಿಯ ಒಂದು ಕಾಲಂ, ತೆಗೆಯೋಣ ಅಂತ ತೀರ್ಮಾನವಾಯಿತು. ಯಾರೂ ಬರೆದಿಡಲಿಲ್ಲ. ಅವರ ರಿಪೋರ್ಟುಗಳೆಲ್ಲ ಅದೇ ಫೀಲ್ಡ್ ಓದುತ್ತಿದ್ದವು. ಎರಡು ದಿನದ ಕೆಲಸ ಪೂರ್ತಿ ವಾಪಸ್ ತೆಗೆದೆವು. ಅವರು ಕೇಳಿದ್ದು ಒಂದೇ ಮಾತು: "ನನಗೆ ಒಂದು ಸಾಲು ಬರೆಯಬಹುದಿತ್ತಲ್ಲ?" ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ನೋಟ್‌ನಲ್ಲೂ ತೊಂದರೆ ಇದೆ. ಪ್ರಶ್ನೆ ಅರ್ಧಂಬರ್ಧ ಬರೆದರೆ ಒಂದು ದಿನ ಹೋಯಿತು ಅಂತಲೇ. ಅದಕ್ಕೆ ಈಗ ನಾನು ಬರೆಯುವುದು, ಕನ್ನಡದಲ್ಲಿ ಹೇಳುವುದಾದರೆ, ಹೀಗೆ: "ಪೇಮೆಂಟ್ ಪುಟದಲ್ಲಿ ಎರಡು ಟೆಸ್ಟ್ ಫೇಲ್. ಕೋಡ್ ಪುಷ್ ಮಾಡಿದ್ದೇನೆ. ಹಳೇ ಬಟನ್ ಇರಲಾ, ತೆಗೆಯಲಾ? ಬೇಡ ಅನ್ನದಿದ್ದರೆ ಬೆಳಗ್ಗೆ ತೆಗೆಯುತ್ತೇನೆ." ಆ ಕೊನೆಯ ಸಾಲು ಸೇರಿಸಿದಾಗಿನಿಂದ ಸುಮ್ನೆ ಕಾಯುವುದು ತುಂಬಾ ಕಡಿಮೆಯಾಗಿದೆ.

ತಾರೀಖಿನಲ್ಲಿ ತಿಂಗಳ ಹೆಸರನ್ನೇ ಬರೆಯಿರಿ. 03/04 ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4.

ಹೊಸಬರಿಗೆ ಕೆಲಸ ಕಲಿಸಲು, ಮುನಿಸು ಬಿಡಿಸಲು ಕಾಲೇ ಮೇಲು.

ನಮ್ಮದು ಎರಡು ಕೋಣೆಯ ಮನೆ. ಅಮ್ಮ ಒಂಬತ್ತಕ್ಕೆ ಮಲಗುತ್ತಾರೆ, ನಾನು ಐದಕ್ಕೆ ಏಳುತ್ತೇನೆ. ಎದ್ದು ಕಾಫಿ ಹಿಡಿದು ಕೂರುವ ಹೊತ್ತಿಗೆ ಉತ್ತರ ಬಂದಿರುತ್ತದೆ. ಕಾಲ್ ರೆಕಾರ್ಡ್ ಮಾಡಲು ಪ್ರತಿ ತಿಂಗಳು ಕಟ್ಟುತ್ತಿದ್ದ ದುಡ್ಡೂ ಉಳಿಯಿತು. ಗುರುವಾರದ ಅರ್ಧ ಗಂಟೆ ಕಾಲ್ ಮಾತ್ರ ಇಟ್ಟುಕೊಂಡಿದ್ದೇವೆ. ಅಲ್ಲಿ ಆದ ತೀರ್ಮಾನವನ್ನು ನೋಟ್‌ಗೆ ಹಾಕುವವರೆಗೆ ಯಾರೂ ಕಾಲ್ ಬಿಟ್ಟು ಹೋಗುವುದಿಲ್ಲ.