ಚಾರ್ಟ್‌ಪ್ಲಾಟರ್‌ಗೆ ಹೊರಗಿನ ಕ್ಯಾಮೆರಾ: ಮೂರು ದಾರಿಗಳನ್ನು ಬಳಸಿ ನೋಡಿದ ಮೇಲೆ

ಬೋಟಿನಲ್ಲಿ ನಕ್ಷೆಯ ಮೇಲೆ ದಾರಿ ತೋರಿಸುವ ಪರದೆಯಾದ ಚಾರ್ಟ್‌ಪ್ಲಾಟರ್ ತಯಾರಿಸುವ ಹಲವು ಕಂಪನಿಗಳು ತಮ್ಮದೇ ಹೆಸರಿನ ಕ್ಯಾಮೆರಾವನ್ನೂ ಮಾರುತ್ತವೆ. ಅದರ ಬೆಲೆ ನೋಡಿದವರು ಕೇಳುವ ಪ್ರಶ್ನೆ ಒಂದೇ: ಅಂಗಡಿ, ಗೋದಾಮುಗಳಿಗೆ ಹಾಕುವ, ನೆಟ್‌ವರ್ಕ್ ಮೂಲಕ ಚಿತ್ರ ಕಳಿಸುವ ಐಪಿ ಕ್ಯಾಮೆರಾವನ್ನೇ ತಂದು ಜೋಡಿಸಿದರೆ ಆಗದೇ? ಆಗುತ್ತದೆ. ಆದರೆ ಅದರಲ್ಲಿ ಏನನ್ನು ನೋಡಬೇಕಾಗಿದೆ ಎನ್ನುವುದರ ಮೇಲೆ ದಾರಿ ಬದಲಾಗುತ್ತದೆ. ನಾನು ಮೂರು ದಾರಿಗಳನ್ನು ಬಳಸಿದ್ದೇನೆ: ಐಪಿ ಕ್ಯಾಮೆರಾವನ್ನು ನೇರವಾಗಿ ಪ್ಲಾಟರ್‌ನ ನೆಟ್‌ವರ್ಕ್‌ಗೆ ಸೇರಿಸುವುದು, ಹಳೆಯ ಅನಲಾಗ್ ಕ್ಯಾಮೆರಾ, ಮತ್ತು ನಡುವೆ ಒಂದು ಪುಟ್ಟ ಕಂಪ್ಯೂಟರ್ ಇಟ್ಟು ಎಚ್‌ಡಿಎಂಐ ಮೂಲಕ ಚಿತ್ರ ಕೊಡುವುದು.

ಹೋಲಿಸಲು ನನ್ನ ಮುಖ್ಯ ಅಳತೆ ಚಿತ್ರದ ಅಂದವಲ್ಲ, ವಿಳಂಬ. ಒಬ್ಬರನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ ಚಪ್ಪಾಳೆ ತಟ್ಟಲು ಹೇಳಿ, ನೀವು ಪರದೆ ನೋಡುತ್ತಾ ನಿಲ್ಲಿ. ಅನಲಾಗ್‌ನಲ್ಲಿ ಸದ್ದು ಕೇಳುವುದೂ ಕೈ ಸೇರುವುದೂ ಒಟ್ಟಿಗೇ. ಐಪಿ ಕ್ಯಾಮೆರಾದಲ್ಲಿ ಸದ್ದು ಕೇಳಿದಾಗ ಕೈಗಳಿನ್ನೂ ದೂರದಲ್ಲೇ ಇರುತ್ತವೆ. ಆಮೇಲೆ ಬಂದು ಸೇರುತ್ತವೆ. ಎಂಜಿನ್ ಕೋಣೆಯಲ್ಲಿ ನೀರು ತುಂಬುತ್ತಿದೆಯೇ ಎಂದು ನೋಡುವಾಗ ಈ ಅಂತರ ಲೆಕ್ಕಕ್ಕೇ ಬರುವುದಿಲ್ಲ. ಬೋಟನ್ನು ಹಿಮ್ಮುಖವಾಗಿ ಧಕ್ಕೆಗೆ ತರುವಾಗ ಮಾತ್ರ ಅದೇ ಎಲ್ಲ. ಪರದೆಯಲ್ಲಿ ಕಾಣುವ ಜಾಗ ಆಗಲೇ ಮುಗಿದುಹೋಗಿರಬಹುದು.

ನೇರ ಜೋಡಣೆಯಲ್ಲಿ ಕೈಕೊಡುವ ಜಾಗಗಳು ಹೆಚ್ಚು, ಆದ್ದರಿಂದ ಇದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಲ್ಲಿ ಎಲ್ಲವೂ ಆನ್‌ವಿಫ್ ಮೇಲೆ ನಿಂತಿದೆ. ಬೇರೆ ಬೇರೆ ಕಂಪನಿಗಳ ಕ್ಯಾಮೆರಾಗಳು ಒಂದೇ ರೀತಿಯಲ್ಲಿ ಮಾತಾಡಲಿ ಎಂದು ಆಕ್ಸಿಸ್, ಬಾಷ್, ಸೋನಿ ಸೇರಿ 2008ರಲ್ಲಿ ಶುರುಮಾಡಿದ ಮಾನದಂಡ ಅದು. ಡಬ್ಬಿಯ ಮೇಲೆ ಆ ಹೆಸರಿದೆ ಎಂದು ಕ್ಯಾಮೆರಾ ತಂದರೆ ಸಾಲದು. ಎಷ್ಟೋ ಕ್ಯಾಮೆರಾಗಳಲ್ಲಿ ಅದು ಕಾರ್ಖಾನೆಯಿಂದ ಬರುವಾಗ ಆಫ್ ಆಗಿರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿ, ಅದಕ್ಕೆಂದೇ ಪ್ರತ್ಯೇಕ ಬಳಕೆದಾರನನ್ನೂ ಸೃಷ್ಟಿಸಬೇಕು.

ನಂತರ ವಿಳಾಸ. ಬಹಳಷ್ಟು ಕ್ಯಾಮೆರಾಗಳು 192.168ರಿಂದ ಶುರುವಾಗುವ ಸ್ಥಿರ ವಿಳಾಸ ಹೊತ್ತು ಬರುತ್ತವೆ. ಪ್ಲಾಟರ್‌ಗಳ ಲೋಕವೇ ಬೇರೆ: ರೇಮರೀನ್ ಜಾಲ 198.18ರಲ್ಲಿ, ಗಾರ್ಮಿನ್ 172.16ರಲ್ಲಿ, ಫುರುನೊ 172.31ರಲ್ಲಿ ಓಡಾಡುತ್ತವೆ. ಕ್ಯಾಮೆರಾವನ್ನು ಮೊದಲೇ ಲ್ಯಾಪ್‌ಟಾಪ್‌ಗೆ ಜೋಡಿಸಿ ಡಿಎಚ್‌ಸಿಪಿಗೆ (ಜಾಲದಿಂದ ತಾನಾಗಿಯೇ ವಿಳಾಸ ಪಡೆಯುವ ವಿಧಾನಕ್ಕೆ) ಬದಲಾಯಿಸಿಕೊಳ್ಳದಿದ್ದರೆ, ಒಂದೇ ನೆಟ್‌ವರ್ಕ್ ಸ್ವಿಚ್‌ನಲ್ಲಿದ್ದೂ ಎರಡಕ್ಕೂ ಪರಸ್ಪರ ಗುರುತು ಸಿಗುವುದಿಲ್ಲ. ಆನ್‌ವಿಫ್ ಹುಡುಕಾಟ 239.255.255.250 ಎಂಬ ಮಲ್ಟಿಕಾಸ್ಟ್ (ಹಲವು ಸಾಧನಗಳಿಗೆ ಒಟ್ಟಿಗೇ ತಲುಪುವ) ವಿಳಾಸಕ್ಕೆ, 3702ನೇ ಪೋರ್ಟ್‌ನಲ್ಲಿ ಕೂಗು ಹಾಕುವುದರಿಂದ ನಡೆಯುತ್ತದೆ. ಮಲ್ಟಿಕಾಸ್ಟ್ ಸೋಸುವ ದುಬಾರಿ ಸ್ವಿಚ್ ಆ ಕೂಗನ್ನು ನುಂಗಿಬಿಡಬಹುದು. ಬೋಟಿಗೆ ಸಾದಾ ಸ್ವಿಚ್ಚೇ ವಾಸಿ.

ಎಲ್ಲ ಸರಿಯಿದ್ದೂ ಪ್ಲಾಟರ್ ಕ್ಯಾಮೆರಾದ ಹೆಸರು ತೋರಿಸಿ ಚಿತ್ರ ಮಾತ್ರ ಕೊಡದಿದ್ದರೆ, ನಾನು ಮೊದಲು ನೋಡುವುದು ಕ್ಯಾಮೆರಾದ ಗಡಿಯಾರ. ಆನ್‌ವಿಫ್ ಲಾಗಿನ್‌ನಲ್ಲಿ ಪಾಸ್‌ವರ್ಡ್ ಜೊತೆ ಸಮಯವನ್ನೂ ಬೆರೆಸಿ ಕಳಿಸುತ್ತಾರೆ. ಎರಡೂ ಕಡೆಯ ಗಡಿಯಾರ ತುಂಬಾ ದೂರ ಸರಿದಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಕ್ಯಾಮೆರಾ ಬಾಗಿಲು ತೆಗೆಯುವುದಿಲ್ಲ. ಬೋಟಿನಲ್ಲಿ ಬ್ಯಾಟರಿ ಸ್ವಿಚ್ ಆಫ್ ಮಾಡಿ ಹೋಗುತ್ತೇವೆ, ಇಂಟರ್ನೆಟ್ ಇರುವುದಿಲ್ಲ. ಒಳಗೆ ಬ್ಯಾಟರಿಯಿಲ್ಲದ ಕ್ಯಾಮೆರಾ ಪ್ರತಿ ಸಲವೂ ಯಾವುದೋ ಹಳೆಯ ವರ್ಷದಲ್ಲಿ ಎದ್ದೇಳುತ್ತದೆ. ಬೋಟಿನ ರೂಟರ್‌ನಿಂದಲೇ ಸಮಯ ಸಿಗುವಂತೆ ಮಾಡಿದರೆ ಈ ಕಾಟ ನಿಲ್ಲುತ್ತದೆ.

ಚಿತ್ರದ ಬಗೆಗೆ ಒಂದೇ ಮಾತು: ವಿಡಿಯೋ ಕುಗ್ಗಿಸುವ ಹೊಸ ವಿಧಾನವಾದ ಎಚ್.265 ಬಿಟ್ಟು ಹಳೆಯ ಎಚ್.264ಕ್ಕೆ ಬನ್ನಿ, 720 ಸಾಲುಗಳಿಗೆ ಇಳಿಸಿ. ಪ್ಲಾಟರ್‌ನ ಚಿಕ್ಕ ಪರದೆಗೆ ಅಷ್ಟು ಸಾಕು.

ವಿದ್ಯುತ್ ವಿಷಯದಲ್ಲಿ ಮಾತ್ರ ಅವಸರ ಬೇಡ. ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್ ಕೊಡುವ ಪಿಒಇ ಸುಮಾರು 48 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಪಿಒಇ ಸಾಧನವನ್ನು ನೇರವಾಗಿ ಸೇರಿಸಿದರೆ ಪ್ಲಾಟರ್ ಹಾಳಾಗುತ್ತದೆ ಎಂದು ಗಾರ್ಮಿನ್ ಕೈಪಿಡಿ ಸ್ಪಷ್ಟವಾಗಿ ಎಚ್ಚರಿಸಿ, ನಡುವೆ ಹಾಕಲು ಪ್ರತ್ಯೇಕ ಐಸೊಲೇಷನ್ ಕಪ್ಲರ್ ಸೂಚಿಸುತ್ತದೆ. ಪಿಒಇ ಬೇಡವೆಂದು 12 ವೋಲ್ಟ್ ಕ್ಯಾಮೆರಾವನ್ನು ಬ್ಯಾಟರಿಗೆ ನೇರ ಕಟ್ಟುವುದೂ ಸರಿಯಲ್ಲ. ಶೇಕಡಾ 10 ಹೆಚ್ಚುಕಡಿಮೆ ತಡೆಯುತ್ತದೆ ಎಂದು ಬರೆದಿರುವ ಕ್ಯಾಮೆರಾದ ಮೇಲ್ಮಿತಿ 13.2 ವೋಲ್ಟ್, ಎಂಜಿನ್ ಚಾರ್ಜ್ ಮಾಡುವಾಗ ಬೋಟಿನ ತಂತಿಯಲ್ಲಿ 14.4ರವರೆಗೂ ಇರುತ್ತದೆ. ನಡುವೆ ಒಂದು ಡಿಸಿ ರೆಗ್ಯುಲೇಟರ್ ಇರಲೇಬೇಕು.

ಅನಲಾಗ್ ದಾರಿಯಲ್ಲಿ ಇಷ್ಟು ರಗಳೆಯೇ ಇಲ್ಲ. ಪ್ಲಾಟರ್‌ಗೆ ವಿಡಿಯೋ ಇನ್‌ಪುಟ್ ಇದ್ದರೆ 75 ಓಮ್ ಕೋಆಕ್ಸ್ ಕೇಬಲ್ ಎಳೆದು ಚುಚ್ಚಿದರೆ ಆಯಿತು, ಬೋಟು ಚಾಲೂ ಮಾಡಿದ ಕೂಡಲೇ ಚಿತ್ರ. ಕೊಳ್ಳುವಾಗ ಒಂದು ಎಚ್ಚರ ಬೇಕು. ಈಗ ಅನಲಾಗ್ ಎಂದು ಮಾರುವ ಕ್ಯಾಮೆರಾಗಳಲ್ಲಿ ಬಹುಪಾಲು ಎಎಚ್‌ಡಿ, ಟಿವಿಐ, ಸಿವಿಐ ಎಂಬ ಹೊಸ ಎಚ್‌ಡಿ ಬಗೆಯವು. ಅದೇ ಬಿಎನ್‌ಸಿ ಕನೆಕ್ಟರ್ ಇದ್ದರೂ ಪ್ಲಾಟರ್‌ಗೆ ಅವುಗಳ ಸಿಗ್ನಲ್ ಅರ್ಥವಾಗುವುದಿಲ್ಲ. ಹಳೆಯ ಅನಲಾಗ್ ಸಿಗ್ನಲ್ ಆದ ಸಿವಿಬಿಎಸ್‌ಗೆ ಬದಲಾಯಿಸುವ ಸ್ವಿಚ್ ಇದೆಯೇ ಎಂದು ಕೇಳಿಯೇ ತನ್ನಿ. ಅನಲಾಗ್ ಸೋಲುವುದು ಎಲ್ಲಿ ಅಂದರೆ, ಚಿತ್ರದ ವಿವರದಲ್ಲಿ. ಎಂಜಿನ್ ಕೋಣೆಯ ಮೀಟರಿನ ಮುಳ್ಳು ಇದರಲ್ಲಿ ಓದಲು ಬರುವುದಿಲ್ಲ. ಆದರೆ ಧಕ್ಕೆಯ ಕಂಬಕ್ಕೆ ಎಷ್ಟು ದೂರ ಎನ್ನುವುದು ಚೆನ್ನಾಗಿ ತಿಳಿಯುತ್ತದೆ.

ಎಚ್‌ಡಿಎಂಐ ದಾರಿ ಪ್ಲಾಟರ್ ಒಪ್ಪದ ಕ್ಯಾಮೆರಾಗಳಿಗೆ. ಪುಟ್ಟ ಕಂಪ್ಯೂಟರ್ ನೆಟ್‌ವರ್ಕ್‌ನಲ್ಲಿ ವಿಡಿಯೋ ಪಡೆಯುವ ವಿಧಾನವಾದ ಆರ್‌ಟಿಎಸ್‌ಪಿ ಮೂಲಕ ಯಾವ ಕ್ಯಾಮೆರಾದ ಚಿತ್ರವನ್ನಾದರೂ ತೆಗೆದುಕೊಳ್ಳುತ್ತದೆ, ಎಚ್.265 ಆದರೂ ಸರಿ. ನಾಲ್ಕನ್ನು ಒಟ್ಟಿಗೆ ಜೋಡಿಸಿಯೂ ತೋರಿಸುತ್ತದೆ. ಮೂರರಲ್ಲಿ ಅತಿ ಹೆಚ್ಚು ತಡ ಇದರಲ್ಲೇ ಕಂಡದ್ದು. ವಿಡಿಯೋ ತೋರಿಸಲು ವಿಎಲ್‌ಸಿ ಪ್ಲೇಯರ್ ಬಳಸುವುದಾದರೆ ನೆಟ್‌ವರ್ಕ್ ಬಫರ್ ತಾನಾಗಿಯೇ 1000 ಮಿಲಿಸೆಕೆಂಡ್‌ಗೆ ಇರುತ್ತದೆ, ಅದನ್ನು ಇಳಿಸಲೇಬೇಕು. ಸ್ವಿಚ್ ಆಫ್ ಮಾಡಿದಾಗಲೆಲ್ಲ ಥಟ್ಟನೆ ವಿದ್ಯುತ್ ಹೋಗುವುದರಿಂದ ಮೆಮೊರಿ ಕಾರ್ಡ್ ಕೆಡುವ ಅಪಾಯವೂ ಇದೆ. ಎಚ್‌ಡಿಎಂಐ ಇನ್‌ಪುಟ್ ಚಿಕ್ಕ ಪ್ಲಾಟರ್‌ಗಳಲ್ಲಿ ಸಿಗುವುದೂ ಅಪರೂಪ. ಇದರಲ್ಲಿ ಆಸಕ್ತಿಯಿದ್ದು, ತಾನೇ ರಿಪೇರಿ ಮಾಡಿಕೊಳ್ಳುವವರಿಗೆ ಮಾತ್ರ ನಾನಿದನ್ನು ಹೇಳುತ್ತೇನೆ. ವೈಫೈ ಕ್ಯಾಮೆರಾ ಯಾರಿಗೂ ಹೇಳುವುದಿಲ್ಲ. ಎಂಜಿನ್ ಕೋಣೆಯ ಲೋಹದ ಗೋಡೆಗಳ ನಡುವೆ ಸಿಗ್ನಲ್ ನೆಚ್ಚಿಕೊಂಡು ಕೂರುವಂತಿಲ್ಲ.

ನನ್ನ ಬೋಟಿನಲ್ಲಿ ಈಗ ಹಿಂಭಾಗಕ್ಕೆ ಅನಲಾಗ್, ಎಂಜಿನ್ ಕೋಣೆಗೆ ಐಪಿ. ಒಂದೇ ಕ್ಯಾಮೆರಾ ಹಾಕುವುದಾದರೆ, ಅದು ಧಕ್ಕೆ ಹಿಡಿಯಲು ಎಂದಾದರೆ, ಅನಲಾಗನ್ನೇ ಆರಿಸಿ. ಯಾವುದೇ ಆದರೂ ರಂಧ್ರ ಕೊರೆಯುವ ಮೊದಲು ಟೇಪ್ ಹಾಕಿ ಅಂಟಿಸಿ, ರಾತ್ರಿ ಹೊತ್ತು ಒಮ್ಮೆ ನೋಡಿ: ಹತ್ತಿರದ ಬಿಳಿ ಬಣ್ಣ ಅಥವಾ ಸ್ಟೀಲ್ ಕಂಬಿಗೆ ಇನ್‌ಫ್ರಾರೆಡ್ ಬೆಳಕು ಬಡಿದರೆ ಚಿತ್ರವೆಲ್ಲ ಬೆಳ್ಳಗಾಗಿಬಿಡುತ್ತದೆ. ದಿಕ್ಸೂಚಿಯ ಹತ್ತಿರ ಜಾಗ ಆರಿಸಿದ್ದರೆ ಕ್ಯಾಮೆರಾವನ್ನು ಆನ್, ಆಫ್ ಮಾಡಿ ಮುಳ್ಳು ಅಲುಗುತ್ತದೆಯೇ ಎಂದೂ ನೋಡಿಕೊಳ್ಳಿ. ಅಲುಗಿದರೆ ಕ್ಯಾಮೆರಾವೇ ಜಾಗ ಬಿಡಬೇಕು.