‘ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡ್ತೀವಿ’ ಅಂದರೆ ನಂಬಬೇಡಿ

ಮಂಡ್ಯ, ಮೈಸೂರು ಕಡೆ ಡಿಟಿಪಿ ಅಂಗಡಿ, ಟೈಪಿಂಗ್ ಸೆಂಟರ್, ಆನ್‌ಲೈನ್ ಅರ್ಜಿ ಸೆಂಟರ್ ಇಟ್ಟುಕೊಂಡಿರುವವರು ದಯವಿಟ್ಟು ಪೂರ್ತಿ ಓದಿ. ಹಳೇ ಕಂಪ್ಯೂಟರ್‌ಗೆ ವಿಂಡೋಸ್ 11 ಹಾಕಿಸಲು ಹೋಗಿ ನನಗಾದ ಪಾಡು ನಿಮಗೆ ಆಗುವುದು ಬೇಡ.

ನನ್ನದು ಮಂಡ್ಯದಲ್ಲಿ ಸಣ್ಣ ಟೈಪಿಂಗ್ ಅಂಗಡಿ. ಬಾಡಿಗೆ ಕರಾರು, ಕ್ರಯಪತ್ರದ ಕರಡು, ಲಗ್ನಪತ್ರಿಕೆ, ಪಹಣಿ ಪ್ರಿಂಟು, ಇಷ್ಟೇ ಕೆಲಸ. ಕಂಪ್ಯೂಟರ್ ನಾಲ್ಕನೇ ಜನರೇಶನ್ ಐ5, ಒಂದು ಟಿಬಿ ಹಾರ್ಡ್‌ಡಿಸ್ಕ್, ಜೊತೆಗೊಂದು ಹಳೇ ಗ್ರಾಫಿಕ್ಸ್ ಕಾರ್ಡ್. ಚೆನ್ನಾಗೇ ಓಡುತ್ತಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತಿತಲ್ಲ, ಆಮೇಲೆ ಸಿಕ್ಕವರೆಲ್ಲ ಹೆದರಿಸತೊಡಗಿದರು. ಮೈಸೂರಿನ ಒಂದು ಅಂಗಡಿಯವರು ಹಾಕಿಕೊಡುತ್ತೇವೆ ಎಂದರು. ಡಿ ಡ್ರೈವ್ ತುಂಬ ಗಿರಾಕಿಗಳ ಫೈಲ್ ಇವೆ, ಅದನ್ನು ಮುಟ್ಟಬೇಡಿ ಎಂದು ಒತ್ತಿ ಹೇಳಿದೆ. ‘ಸಿ ಮಾತ್ರ ಸಾರ್ ಫಾರ್ಮ್ಯಾಟ್ ಮಾಡೋದು, ಡಿ ತಂಟೆಗೆ ಹೋಗಲ್ಲ’ ಎಂದರು. ಐನೂರು ರೂಪಾಯಿ, ಬಿಲ್ ಇಲ್ಲ.

ತಂದು ಆನ್ ಮಾಡಿದರೆ ನೀಲಿ ಲೋಗೋ ಬಂತು. ಅದರ ಕೆಳಗೆ ಚುಕ್ಕಿಗಳು ಸುತ್ತಿದವು, ಹಾಗೇ ನಿಂತುಬಿಟ್ಟವು. ಮೊದಲ ಸಲ ಸ್ಟಾರ್ಟ್ ಆಗುವಾಗ ಲೇಟಾಗುವುದು ಮಾಮೂಲಿ. ಹಾರ್ಡ್‌ಡಿಸ್ಕ್ ಇರುವ ಕಂಪ್ಯೂಟರ್‌ನಲ್ಲಿ ಅಪ್‌ಡೇಟ್ ಇದ್ದರೆ ಅರ್ಧ ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ನಿಧಾನವೋ ಹ್ಯಾಂಗೋ ಅಂತ ತಿಳಿಯಲು ಕೀಬೋರ್ಡ್‌ನ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ, ಕ್ಯಾಬಿನೆಟ್ ಮುಂದಿನ ಡಿಸ್ಕ್ ದೀಪ ಮಿನುಗುತ್ತಿದ್ದರೆ ಒಳಗೆ ಏನೋ ನಡೆಯುತ್ತಿದೆ, ಸುಮ್ನೆ ಕಾಯಿರಿ. ನನ್ನದರಲ್ಲಿ ಎರಡೂ ಸತ್ತಿದ್ದವು.

ವಾಪಸ್ ತೆಗೆದುಕೊಂಡು ಹೋದೆ. ಏನಾಗಿದೆ ಎಂದು ಒಂದು ಮಾತು ಕೇಳಲಿಲ್ಲ, ಮತ್ತೆ ಫಾರ್ಮ್ಯಾಟ್. ಮಂಡ್ಯಕ್ಕೆ ತಂದರೆ ಮತ್ತೆ ಅದೇ ಲೋಗೋ, ಅದೇ ಚುಕ್ಕಿ. ಕೊನೆಗೆ ‘ಮದರ್‌ಬೋರ್ಡ್ ಹೋಗಿದೆ, ಹೊಸ ಸೆಟ್ ತಗೊಳ್ಳಿ’ ಎಂದರು. ಮೂವತ್ತು ಸಾವಿರದ ಮೇಲಿನ ಕೊಟೇಶನ್ನೂ ರೆಡಿಯಾಗಿತ್ತು.

ಬೋರ್ಡ್ ಹೋಗಿದ್ದರೆ ಅವರ ಅಂಗಡಿಯಲ್ಲಿ ಡೆಸ್ಕ್‌ಟಾಪ್ ತನಕ ಹೇಗೆ ಬರುತ್ತಿತ್ತು? ಈ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇರಲಿಲ್ಲ. ಕಂಪ್ಯೂಟರ್ ಎತ್ತಿಕೊಂಡು ಬಂದೆ.

ಮೊದಲು ಪ್ರಿಂಟರ್, ಬೆರಳಚ್ಚು ಯಂತ್ರ, ಪೆನ್‌ಡ್ರೈವ್ ಎಲ್ಲ ಕಿತ್ತಿಟ್ಟೆ. ಬದಲಾಗಲಿಲ್ಲ. ಆಮೇಲೆ ಸೇಫ್ ಮೋಡ್. ಲೋಗೋ ಬಂದಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕು. ಹೀಗೆ ಎರಡು ಮೂರು ಸಲ ಮಾಡಿದರೆ ವಿಂಡೋಸ್ ತಾನಾಗಿಯೇ ಆಟೋಮ್ಯಾಟಿಕ್ ರಿಪೇರ್‌ಗೆ ಹೋಗುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4 ಒತ್ತಬೇಕು. ನನ್ನ ‘ಹೋಗಿರುವ ಬೋರ್ಡ್’ ಸರಾಗವಾಗಿ ಡೆಸ್ಕ್‌ಟಾಪ್ ತೋರಿಸಿತು!

ಸೇಫ್ ಮೋಡ್‌ನಲ್ಲಿ ವಿಂಡೋಸ್ ತನ್ನದೇ ಸಾದಾ ಡಿಸ್‌ಪ್ಲೇ ಡ್ರೈವರ್ (ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಇಟ್ಟುಕೊಂಡು ಸ್ಟಾರ್ಟ್ ಆಗುತ್ತದೆ, ಹೊರಗಿನಿಂದ ಹಾಕಿದ ಬಹಳಷ್ಟು ಡ್ರೈವರ್‌ಗಳನ್ನು ಮುಟ್ಟುವುದಿಲ್ಲ. ಹಾಗೆ ಸ್ಟಾರ್ಟ್ ಆಗಿ, ಮಾಮೂಲಿಯಾಗಿ ಆಗದಿದ್ದರೆ ಅನುಮಾನ ಡ್ರೈವರ್ ಮೇಲೆಯೇ. ಇನ್ನೂ ಖಾತ್ರಿ ಬೇಕಿತ್ತು. ಕರೆಂಟ್ ವೈರ್ ಕಿತ್ತು, ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ, ಮಾನಿಟರ್ ಕೇಬಲ್ಲನ್ನು ಬೋರ್ಡ್‌ನಲ್ಲೇ ಇರುವ ಪೋರ್ಟ್‌ಗೆ ಹಾಕಿದೆ. ಮಾಮೂಲಿಯಾಗಿಯೇ ಸ್ಟಾರ್ಟ್ ಆಯಿತು. ಕಾರ್ಡ್ ಹಾಕಿದರೆ ಲೋಗೋದಲ್ಲೇ ಹ್ಯಾಂಗ್.

ನಡೆದದ್ದು ಇಷ್ಟು. ಈ ಅಂಗಡಿಗಳಲ್ಲಿ ಒಂದು ಪೆನ್‌ಡ್ರೈವ್ ಇರುತ್ತದೆ, ಅದರಲ್ಲಿ ಡ್ರೈವರ್ ಪ್ಯಾಕ್. ಒಂದು ಕ್ಲಿಕ್ ಕೊಟ್ಟರೆ ಸೌಂಡು, ನೆಟ್‌ವರ್ಕು, ಡಿಸ್‌ಪ್ಲೇ ಎಲ್ಲಕ್ಕೂ ಏನೋ ಒಂದು ತುಂಬಿಬಿಡುತ್ತದೆ. ನನ್ನ ಹಳೇ ಕಾರ್ಡ್‌ಗೆ ಒಗ್ಗದ ಡ್ರೈವರ್ ಹಾಗೆ ಬಂದು ಕೂತಿತ್ತು. ಡೆಸ್ಕ್‌ಟಾಪ್ ಕಂಡ ಕೂಡಲೇ ಅವರು ಆಫ್ ಮಾಡಿ ಕೈಗೆ ಕೊಡುತ್ತಿದ್ದರು. ಡ್ರೈವರ್ ಹಾಕಿದ ಮೇಲೆ ರೀಸ್ಟಾರ್ಟ್ ಮಾಡಿ ನೋಡುವ ಪುರುಸೊತ್ತು ಯಾರಿಗಿದೆ ಹೇಳಿ. ನಿಮ್ಮ ಕಣ್ಣೆದುರೇ ಮಾಡಿಸಿ, ಅದೂ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಅರ್ಧಂಬರ್ಧ ನಿದ್ದೆಯಷ್ಟೇ, ಎಲ್ಲವೂ ಹೊಸದಾಗಿ ಲೋಡ್ ಆಗುವುದು ರೀಸ್ಟಾರ್ಟ್‌ನಲ್ಲಿ.

ಪರಿಹಾರ ಸುಲಭವಿತ್ತು. ಇಂಟರ್‌ನೆಟ್ ಕೇಬಲ್ ತೆಗೆದು, ಸೇಫ್ ಮೋಡ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ಡಿಸ್‌ಪ್ಲೇ ಅಡಾಪ್ಟರ್ ಮೇಲೆ ಅನ್‌ಇನ್‌ಸ್ಟಾಲ್ ಕೊಟ್ಟೆ. ಡ್ರೈವರನ್ನೂ ತೆಗೆಯಲೇ ಎಂದು ಕೇಳುವ ಟಿಕ್ ಹಾಕುವುದನ್ನು ಮರೆಯಬಾರದು. ಆಮೇಲೆ ಕಾರ್ಡ್‌ನ ಮಾಡೆಲ್ ನಂಬರ್ ನೋಡಿ, ತಯಾರಕರ ಸೈಟಿನಿಂದಲೇ ಸರಿಯಾದ ಡ್ರೈವರ್ ಹಾಕಿದೆ. ಹ್ಯಾಂಗ್ ಹೋಯಿತು.

ಹೊಟ್ಟೆ ಉರಿದದ್ದು ಇದಕ್ಕಲ್ಲ. ಡಿ ಡ್ರೈವ್ ತೆರೆದರೆ ಖಾಲಿ.

ಹಳೇ ಡಿಸ್ಕ್‌ಗಳಲ್ಲಿ ಪಾರ್ಟಿಷನ್, ಅಂದರೆ ಸಿ, ಡಿ ಎಂಬ ಭಾಗಗಳ ಲೆಕ್ಕ ಇಡುವುದು ಎಂಬಿಆರ್ ಪದ್ಧತಿಯಲ್ಲಿ. ಕಂಪ್ಯೂಟರ್ ಸ್ಟಾರ್ಟ್ ಆಗುವ ಹೊಸ ವಿಧಾನವಾದ ಯುಇಎಫ್‌ಐ ಮೋಡ್‌ನಲ್ಲಿ ವಿಂಡೋಸ್ ಹಾಕಲು ಡಿಸ್ಕ್ ಜಿಪಿಟಿ ಎಂಬ ಹೊಸ ಪದ್ಧತಿಯಲ್ಲಿರಬೇಕು. ಇಲ್ಲದಿದ್ದರೆ ಸೆಟಪ್ ಮುಂದಕ್ಕೇ ಹೋಗುವುದಿಲ್ಲ. ಆಗ ಆತುರದವರು ಡಿಸ್ಕ್‌ಪಾರ್ಟ್ ಎಂಬ ವಿಂಡೋಸ್ ಟೂಲ್‌ನಲ್ಲಿ ‘ಕ್ಲೀನ್’ ಎಂದು ಟೈಪ್ ಮಾಡುತ್ತಾರೆ. ಅದಕ್ಕೆ ಸಿ, ಡಿ ಎಂಬ ಭೇದವಿಲ್ಲ, ಇಡೀ ಡಿಸ್ಕ್‌ನ ಪಾರ್ಟಿಷನ್‌ಗಳೇ ಹೋಗುತ್ತವೆ. ಆಮೇಲೆ ಹೊಸದಾಗಿ ಸಿ, ಡಿ ಮಾಡಿಟ್ಟರೆ ನೋಡುವವರಿಗೆ ಎಲ್ಲ ಮೊದಲಿನ ಹಾಗೇ ಕಾಣುತ್ತದೆ. ಡೇಟಾ ಕಳೆಯದೆ ಬದಲಾಯಿಸಲು ಎಂಬಿಆರ್2ಜಿಪಿಟಿ ಎಂಬ ಟೂಲ್ 2017ರಿಂದ ವಿಂಡೋಸ್‌ನಲ್ಲೇ ಇದೆ. ಪಾರ್ಟಿಷನ್ ಮೂರಕ್ಕಿಂತ ಜಾಸ್ತಿ ಇದ್ದರೆ ಅದು ಒಪ್ಪುವುದಿಲ್ಲ, ನಿಜ. ಆದರೆ ಒಂದು ಫೋನ್ ಮಾಡಿ ಕೇಳಬಹುದಿತ್ತು, ಅಲ್ವಾ?

ಹೀಗಾದವರು ಆ ಡಿಸ್ಕ್ ಮೇಲೆ ಇನ್ನೊಂದು ಫೈಲೂ ಸೇವ್ ಮಾಡಬೇಡಿ. ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿ, ಫೋಟೋರೆಕ್ ಓಡಿಸಿ. ಅಳಿದ ಫೈಲ್ ಹುಡುಕಿಕೊಡುವ ಪುಕ್ಕಟೆ ಸಾಫ್ಟ್‌ವೇರ್ ಅದು. ಹಾರ್ಡ್‌ಡಿಸ್ಕ್ ಆದ್ದರಿಂದ ನನಗೆ ಬಹಳಷ್ಟು ಸಿಕ್ಕಿತು. ಎಸ್‌ಎಸ್‌ಡಿ ಆಗಿದ್ದರೆ, ಅಳಿದ ಜಾಗವನ್ನು ತಾನಾಗಿಯೇ ಒರೆಸಿಬಿಡುವ ಟ್ರಿಮ್ ದೆಸೆಯಿಂದ ಆಸೆ ಕಡಿಮೆ. ಆದರೆ ಫೈಲ್‌ಗಳ ಹೆಸರು ಬರುವುದಿಲ್ಲ, ಬರೀ ನಂಬರ್. ಯಾರ ಕರಾರು ಯಾವುದೋ, ಒಂದೊಂದೇ ತೆರೆದು ನೋಡಬೇಕು. ಇನ್ನೊಂದು ವಿಷಯ: ನುಡಿಯಲ್ಲಿ ಟೈಪ್ ಮಾಡಿದ ಹಳೇ ಫೈಲ್ ಹೊಸ ವಿಂಡೋಸ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಗೆರೆ, ಬೊಟ್ಟು ಸೇರಿ ಚಿತ್ರಾನ್ನವಾಗಿ ಕಾಣುತ್ತದೆ. ಫೈಲ್ ಕೆಟ್ಟಿದೆ ಅಂತ ಡಿಲೀಟ್ ಮಾಡಬೇಡಿ. ನುಡಿ ಫಾಂಟ್ ಹಾಕಿದರೆ ಕನ್ನಡ ವಾಪಸ್ ಬರುತ್ತದೆ.

ಕದ್ದ ವಿಂಡೋಸ್ ಬೇರೆ ಹಾಕಿದ್ದರು. ನನ್ನ ಬೋರ್ಡ್‌ಗೆ ವಿಂಡೋಸ್ 10 ಹೋಮ್‌ನ ಅಸಲಿ ಲೈಸೆನ್ಸ್ ಇತ್ತು. 11ರಲ್ಲೂ ಹೋಮ್ ಹಾಕಿದ್ದರೆ ತಾನಾಗಿಯೇ ಆ್ಯಕ್ಟಿವೇಟ್ ಆಗುತ್ತಿತ್ತು. ಇವರು ಪ್ರೊ ಹಾಕಿ, ಆ್ಯಂಟಿವೈರಸ್ ಆಫ್ ಮಾಡಿ, ಕ್ರ್ಯಾಕ್ ಓಡಿಸಿದ್ದರು. ಆಧಾರ್, ಬ್ಯಾಂಕ್ ವಿವರ ತುಂಬುವ ಕಂಪ್ಯೂಟರ್ ಅದು!

ಅಸಲಿಗೆ ಇಷ್ಟು ಅವಸರವೇ ಬೇಕಿರಲಿಲ್ಲ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಟಿಪಿಎಂ 2.0 ಎಂಬ ಸೆಕ್ಯುರಿಟಿ ವ್ಯವಸ್ಥೆ, ಪ್ರೊಸೆಸರ್ ಇಂಟೆಲ್ ಆದರೆ ಸುಮಾರಾಗಿ ಎಂಟನೇ ಜನರೇಶನ್ ಮೇಲಿನದು. ನಾಲ್ಕನೆಯದು ಲಿಸ್ಟ್‌ನಲ್ಲೇ ಇಲ್ಲ. ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರ ತನಕ ಸೆಕ್ಯುರಿಟಿ ಅಪ್‌ಡೇಟ್ ಪಡೆಯಲು ಸೆಟ್ಟಿಂಗ್ಸ್‌ನಲ್ಲೇ ನೋಂದಾಯಿಸಿಕೊಳ್ಳುವ ದಾರಿ ಇತ್ತು. ಅಂಗಡಿಯಲ್ಲಿ ಇದನ್ನು ಯಾರೂ ಬಾಯಿ ಬಿಡಲಿಲ್ಲ.

ಹಾಕಿಸಲೇಬೇಕು ಎಂದಿದ್ದರೆ ಹಳೇ ಡಿಸ್ಕ್ ಬಿಚ್ಚಿ ಮನೆಯಲ್ಲಿಡಿ, ಹೊಸದೊಂದು ಸಣ್ಣ ಎಸ್‌ಎಸ್‌ಡಿ ಕೊಂಡು ಅದಕ್ಕೆ ಹಾಕಿಸಿ. ಡೇಟಾ ಹೋಯಿತಲ್ಲ ಎಂದು ನಾನು ಕೇಳಿದಾಗ ಅಂಗಡಿಯವರು ಗೋಡೆಯ ಕಡೆ ಕೈ ತೋರಿಸಿದರು. ‘ಡೇಟಾಗೆ ನಾವು ಜವಾಬ್ದಾರರಲ್ಲ’ ಎಂಬ ಚೀಟಿ, ಅರ್ಧ ಕ್ಯಾಲೆಂಡರ್ ಹಿಂದೆ. ಐನೂರು ರೂಪಾಯಿ ವಾಪಸ್ ಕೇಳಿದ್ದೇನೆ, ಇನ್ನೂ ಕೊಟ್ಟಿಲ್ಲ.